ಮತ್ತಿ ಟೊಂಗೆಯ ಗೂಡು: ಒಲೆಗೆ ಹಾಕುವ ಮೊದಲು

ಹೊನ್ನಾವರ, ಕುಮಟಾ, ಭಟ್ಕಳ ಕಡೆ ಬೆಟ್ಟ ಇದ್ದವರಿಗೆ ಮತ್ತಿ ಮರದ ಪರಿಚಯ ಬೇಡ. ಮಳೆಗಾಲದಲ್ಲಿ ಅದರ ಸೊಪ್ಪು ಕೊಟ್ಟಿಗೆಗೆ ಹಾಸ್ತೇವೆ. ಅದೇ ಗೊಬ್ಬರವಾಗಿ ಅಡಿಕೆ ಬುಡಕ್ಕೆ ಹೋಗ್ತದೆ.

ಎರಡು ವರ್ಷದ ಹಿಂದೆ ಹೊನ್ನಾವರದ ನಮ್ಮನೆಗೆ ತಂದ ಸೊಪ್ಪಿನ ಹೊರೆಯಲ್ಲಿ ಐದು ದಪ್ಪ ಹಸಿರು ಹುಳ ಸಿಕ್ಕಿದವು. ಸೊಪ್ಪು ತಂದ ಆಳು ಕತ್ತಿ ಎತ್ತಿದ. "ತಡಿಯೋ ಮಾರಾಯ, ಅದು ಕಂಬಳಿಹುಳ ಅಲ್ಲ" ಎಂದೆ. ಅದು ಟಸಾರ್ ರೇಷ್ಮೆ ಹುಳ. ಬರಿಗೈಯಲ್ಲಿ ಹಿಡಿದರೂ ತುರಿಸುವುದಿಲ್ಲ. ಜಾರ್ಖಂಡ್, ಛತ್ತೀಸಗಢ, ಒಡಿಶಾಗಳಲ್ಲಿ ಇದನ್ನು ಮತ್ತಿ ಮರದ ಮೇಲೇ ಸಾಕ್ತಾರೆ.

ನಾನು ಐದನ್ನೂ ಬುಟ್ಟಿಯಲ್ಲಿಟ್ಟು ಸೊಳ್ಳೆಪರದೆ ಮುಚ್ಚಿದೆ. ಕೊಯ್ದ ಸೊಪ್ಪು ಹಾಗೇ ಹಾಕಿದ್ದು ತಪ್ಪಾಯ್ತು. ಎಲೆ ಬಾಡಿ ಒಂದು ಹುಳ ಸತ್ತಿತು. ಆಮೇಲೆ ಟೊಂಗೆಯನ್ನು ನೀರಿನ ಬಾಟಲಿಯಲ್ಲಿಟ್ಟು, ಹುಳ ನೀರಿಗೆ ಇಳಿಯದಂತೆ ಬಾಯಿಗೆ ಬಟ್ಟೆ ತುರುಕಿದೆ. ಹುಳ ತಿನ್ನದೆ, ಅಲುಗಾಡದೆ ಕೂತರೆ ರೋಗ ಅಂತ ಎಸೀಬೇಡಿ. ಅದು ಪೊರೆ ಬಿಡುವ ಹೊತ್ತು, ಮುಟ್ಟಬಾರದು. ಮೊಟ್ಟೆಯಿಂದ ಗೂಡಿನವರೆಗೆ ನಾಲ್ಕು ಸಲ ಪೊರೆ ಬಿಡ್ತದೆ.

ಗೂಡು ಕಟ್ಟುವುದು ನೋಡುವಂಥದ್ದು. ಮೊದಲು ಕಡ್ಡಿಗೆ ನೂಲಿನ ಉಂಗುರ, ಅದರಿಂದ ಒಂದು ತೊಟ್ಟು, ತೊಟ್ಟಿನ ತುದಿಗೆ ಮೊಟ್ಟೆಯಾಕಾರದ ಗಟ್ಟಿ ಗೂಡು.

ನಾಲ್ಕು ಗೂಡಾದವು. ಒಂದರಿಂದ ಚಿಟ್ಟೆಯ ಬದಲು ಊಜಿ ನೊಣದ ಹುಳಗಳು ಬಂದವು. ಇನ್ನೊಂದರಿಂದ ತಿಂಗಳೊಳಗೆ ಚಿಟ್ಟೆ ಬಂತು. ಉಳಿದೆರಡು ಹಾಗೇ ಇದ್ದವು. ಮಾಘದ ಹೊತ್ತಿಗೆ "ಸತ್ತವನ್ನು ಎಷ್ಟು ದಿನ ಇಟ್ಕೊಳ್ತೀರಿ?" ಅಂತ ಮನೆಯವಳು ಬಚ್ಚಲ ಒಲೆಗೆ ಹಾಕಲು ಹೊರಟಳು. ಅಲ್ಲಾಡಿಸಿ ನೋಡಿದರೆ ಒಳಗೆ ಭಾರವಿತ್ತು. ಜಗಲಿಯಲ್ಲೇ ತೂಗುಹಾಕಿದೆ.

ಜೂನ್ ಮಳೆ ಹಿಡಿದ ಮೇಲೆ ಒಂದು ಸಂಜೆ ಎರಡರಿಂದಲೂ ಚಿಟ್ಟೆ ಬಂತು, ಎರಡೂ ಹೆಣ್ಣು. ಪರದೆಯೊಳಗೇ ಇಟ್ಟೆ. ರಾತ್ರಿ ಬೆಟ್ಟದ ಕಡೆಯಿಂದ ಗಂಡೊಂದು ವಾಸನೆ ಹಿಡಿದು ಹುಡುಕಿ ಬಂತು! ಚಿಟ್ಟೆಗೆ ಉಣ್ಣುವ ಬಾಯಿಲ್ಲ. ಹುಳವಾಗಿದ್ದಾಗ ತಿಂದದ್ದರಲ್ಲೇ ವಾರದಷ್ಟು ಬದುಕು. ಮೊಟ್ಟೆಗಳನ್ನು ಬೆಟ್ಟದ ಮತ್ತಿಗೇ ಕಟ್ಟಿ ಬಂದೆ.

ಇದರಿಂದ ನನಗೆ ಕಾಸು ಹುಟ್ಟಲಿಲ್ಲ. ನಾಲ್ಕು ಹುಳ ತಿಂದರೆ ಮತ್ತಿಗೇನೂ ಆಗುವುದೂ ಇಲ್ಲ. ಆದರೆ ಇಷ್ಟು ವರ್ಷ ಕಟ್ಟಿಗೆ ಜೊತೆ ಎಷ್ಟು ಜೀವಂತ ಗೂಡು ಸುಟ್ಟೆನೋ!

ಬೇಸಿಗೆಯಲ್ಲಿ ಬೋಳು ಮತ್ತಿಯಲ್ಲಿ ಒಣಗಿದ ಕಾಯಿಯಂತೆ ಗೂಡು ತೂಗ್ತಿರ್ತದೆ. ತೂತಿದ್ದು ಹಗುರ ಇದ್ದರೆ ಖಾಲಿ. ತೂತಿಲ್ಲದೆ ಭಾರ ಇದ್ದರೆ ಮತ್ತೆ ಮರಕ್ಕೇ ಕಟ್ಟಿ, ಮಳೆಗಾಲದವರೆಗೆ ಕಾಯಿರಿ.