ಕನ್ನಡಿ ಇಲ್ಲದ ಎರಡು ಕ್ಯಾಮರಾಗಳು

ನಮ್ಮ ಮದುವೆಯ ಆಲ್ಬಮ್ಮಿನಲ್ಲಿ ಮಾಂಗಲ್ಯಧಾರಣೆಯ ಚಿತ್ರವಿಲ್ಲ. 1979ನೆಯ ಇಸವಿಯ ಮಾತು. ಅಂತರಪಟ ಸರಿಸಿದ ಚಿತ್ರ ಉಂಟು. ಧಾರೆಯ ಚಿತ್ರ ಉಂಟು. ಊಟದ ಪಂಕ್ತಿಯಲ್ಲಿ ಸೋದರಮಾವನವರು ಹೋಳಿಗೆಗೆ ಕೈ ಅಡ್ಡ ಹಿಡಿದ ಚಿತ್ರವೂ ಉಂಟು. ಆದರೆ ಗಟ್ಟಿಮೇಳ ಮೊಳಗಿದ ಗಳಿಗೆಗೆ ಸರಿಯಾಗಿ ಛಾಯಾಗ್ರಾಹಕರ ರೋಲು ಮುಗಿಯಿತು. ಆಗಿನದು 12 ಚಿತ್ರಗಳ ರೋಲು. ಅವರು ಛತ್ರದ ಮೂಲೆಗೆ ತಿರುಗಿ, ಹೊಸ ರೋಲು ತೊಡಿಸಿಕೊಂಡು ಮರಳುವಷ್ಟರಲ್ಲಿ ಮೂರು ಗಂಟುಗಳೂ ಬಿದ್ದು, ಅಕ್ಷತೆಯೂ ಸುರಿದು ಆಗಿತ್ತು. ತಪ್ಪು ಯಾರದೂ ಅಲ್ಲ. ಆಲ್ಬಮ್ಮು ತೆರೆದಾಗಲೆಲ್ಲ ನನ್ನ ಹೆಂಡತಿ ಮಾತ್ರ, “ನೀವು ಕಟ್ಟಿದಿರಿ ಎಂಬುದಕ್ಕೆ ಸಾಕ್ಷಿ ಎಲ್ಲಿ?” ಎಂದು ಕೇಳುವುದುಂಟು.

ಈ ಹಳೆಯ ಕಥೆ ನೆನಪಿಗೆ ಬರಲು ಕಾರಣವಿದೆ. ನನ್ನ ತಂಗಿಯ ಮಗಳ ಮದುವೆ ನಿಶ್ಚಯವಾದಾಗ, ಫೋಟೋ ತೆಗೆಯುವ ಹೊಣೆಯನ್ನು ನಮ್ಮ ಬೀದಿಯ ಹುಡುಗನೊಬ್ಬ ವಹಿಸಿಕೊಂಡ. ಸ್ವಂತ ಸ್ಟುಡಿಯೋ ತೆರೆಯಬೇಕೆಂಬ ಆಸೆ ಅವನದು. ಒಂದು ಸಂಜೆ ಎರಡು ಕ್ಯಾಮರಾಗಳನ್ನು ತಂದು ನಮ್ಮ ಹಜಾರದ ಮೇಜಿನ ಮೇಲಿಟ್ಟ. ಒಂದು ಅವನದೇ, ಸೆಕೆಂಡ್ ಹ್ಯಾಂಡ್ ಕೊಂಡದ್ದು; ಇನ್ನೊಂದು ಗೆಳೆಯನಿಂದ ಎರಡು ದಿನದ ಮಟ್ಟಿಗೆ ಇಸಿದುಕೊಂಡದ್ದು. “ಮೇಷ್ಟ್ರೇ, ನೀವು ಬೆಳಕಿನ ಪಾಠ ಮಾಡಿದವರು. ನನ್ನದೇ ಸಾಕೋ, ಸಾಲ ಮಾಡಿ ಇಂಥದೊಂದು ಕೊಳ್ಳಲೋ, ಹೇಳಿ” ಎಂದ. ಸಾಲದ ಮಾತು ಬಂದಮೇಲೆ ಉಡಾಫೆಯ ಉತ್ತರ ಕೊಡಲಾಗದು. ಇಬ್ಬರೂ ಕುಳಿತು ಎರಡನ್ನೂ ಪರೀಕ್ಷಿಸಿದೆವು. ಇಂಥ ಪ್ರಶ್ನೆ ಈಗ ಅನೇಕ ಮನೆಗಳಲ್ಲಿ ಏಳುವುದರಿಂದ, ನಮಗೆ ತಿಳಿದುಬಂದುದನ್ನು ಇಲ್ಲಿ ಹೇಳುತ್ತೇನೆ.

ಎರಡೂ ಜಪಾನಿನ ಸೋನಿ ಕಂಪನಿಯವು, ಒಂದೇ ವಂಶದವು. ಹಳೆಯದರ ಹೆಸರು ಆಲ್ಫಾ 7. 2013ರ ಅಕ್ಟೋಬರಿನಲ್ಲಿ ಪ್ರಕಟವಾದದ್ದು. ಹೊಸದು ಆಲ್ಫಾ 7 ಮಾರ್ಕ್ 3, 2018ರ ಫೆಬ್ರವರಿಯದು. ನಡುವೆ 2014ರಲ್ಲಿ ಎರಡನೆಯ ಪೀಳಿಗೆ ಬಂದಿತ್ತು. 2021ರಲ್ಲಿ ನಾಲ್ಕನೆಯದೂ ಬಂತು. ಆದ್ದರಿಂದ ನಮ್ಮ ‘ಹೊಸದು’ ತೀರ ಹೊಸದೇನಲ್ಲ. ಹಳೆಯದರ ಪಕ್ಕದಲ್ಲಿಟ್ಟಾಗ ಹೊಸದು, ಅಷ್ಟೆ.

ಇವುಗಳನ್ನು ಕನ್ನಡಿ ಇಲ್ಲದ ಕ್ಯಾಮರಾಗಳು, ಮಿರರ್‌ಲೆಸ್ ಎಂದು ಕರೆಯುವುದೇಕೆ? 1959ರ ನಿಕಾನ್ ಎಫ್ ಮೊದಲಾದ ಪ್ರಸಿದ್ಧ ಕ್ಯಾಮರಾಗಳಲ್ಲಿ ಲೆನ್ಸಿನ ಹಿಂದೆ ಓರೆಯಾಗಿ ಒಂದು ಕನ್ನಡಿ ಇರುತ್ತಿತ್ತು. ಒಳಬಂದ ಬೆಳಕು ಅದಕ್ಕೆ ತಾಗಿ ಮೇಲಕ್ಕೆ ಹಾರಿ, ಗಾಜಿನ ಪಟ್ಟಕದಲ್ಲಿ ತಿರುಗಿ ನಮ್ಮ ಕಣ್ಣಿಗೆ ಬೀಳುತ್ತಿತ್ತು. ಗುಂಡಿ ಒತ್ತಿದೊಡನೆ ಕನ್ನಡಿ ‘ಟಪ್’ ಎಂದು ಮೇಲೆದ್ದು, ಬೆಳಕಿಗೆ ಫಿಲ್ಮಿನ ದಾರಿ ಬಿಡುತ್ತಿತ್ತು. ಫಿಲ್ಮು ಹೋಗಿ ಅದರ ಜಾಗಕ್ಕೆ ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸುವ ಸೆನ್ಸರ್ ಫಲಕ ಬಂದ ಮೇಲೂ ಬಹುಕಾಲ ಈ ಕನ್ನಡಿ ಉಳಿದಿತ್ತು. ಆದರೆ ಫಲಕವೇ ದೃಶ್ಯವನ್ನು ಎಡೆಬಿಡದೆ ನೋಡಬಲ್ಲದಾದರೆ ಮಧ್ಯೆ ಕನ್ನಡಿ ಏತಕ್ಕೆ? 2008ರಲ್ಲಿ ಪ್ಯಾನಸಾನಿಕ್ ಕಂಪನಿ ಈ ವಿಚಾರವನ್ನು ಕಾರ್ಯಕ್ಕೆ ತಂದು, ಕನ್ನಡಿಯನ್ನು ತೆಗೆದು, ಕಣ್ಣಿಡುವ ಕಿಂಡಿಯಲ್ಲಿ ಪುಟ್ಟ ಟೆಲಿವಿಷನ್ನಿನಂಥ ಪರದೆಯನ್ನಿಟ್ಟಿತು. ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡದಾದ, ಎಂದರೆ 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರದ ಫಲಕವನ್ನು ಇಂಥ ಪುಟ್ಟ ಪೆಟ್ಟಿಗೆಯಲ್ಲಿ ಕೂರಿಸಿದ್ದು ಆಲ್ಫಾ 7ರ ಹೆಗ್ಗಳಿಕೆ.

ಮೊದಲು ಎರಡರಲ್ಲಿ ಯಾವುದು ಸಮಾನ ಎಂದು ನೋಡೋಣ. ಅಂಗಡಿಯಲ್ಲಿ ಎಲ್ಲರೂ ಮೊದಲು ಕೇಳುವುದು “ಎಷ್ಟು ಮೆಗಾಪಿಕ್ಸೆಲ್?” ಎಂದು. ಹಳೆಯದರಲ್ಲೂ 24, ಹೊಸದರಲ್ಲೂ 24. ಎರಡೂ ಕೊಡುವ ಚಿತ್ರದಲ್ಲಿ ಅಡ್ಡಲಾಗಿ 6000, ಉದ್ದಕ್ಕೆ 4000 ಚುಕ್ಕೆಗಳು. ಒಟ್ಟು 2 ಕೋಟಿ 40 ಲಕ್ಷ. ಅಂಗುಲಕ್ಕೆ 300 ಚುಕ್ಕೆಗಳಂತೆ ಉತ್ತಮವಾಗಿ ಮುದ್ರಿಸಿದರೂ ಚಿತ್ರ 20 ಅಂಗುಲ ಅಗಲಕ್ಕೆ ಹಿಗ್ಗುತ್ತದೆ. ಹುಡುಗ ನಮ್ಮ ಅಂಗಳದ ತುಳಸಿಕಟ್ಟೆಯನ್ನು ಒಂದೇ ಲೆನ್ಸಿನಿಂದ, ಬೆಳಗಿನ ಬೆಳಕಿನಲ್ಲಿ ಎರಡರಲ್ಲೂ ತೆಗೆದು, 12×18 ಅಂಗುಲದ ಪ್ರತಿಗಳನ್ನು ಮಾಡಿಸಿ ತಂದ. ಹಿಂಬದಿ ನೋಡದೆ ಯಾವುದು ಯಾವುದೆಂದು ಹೇಳಲು ನನ್ನಿಂದಾಗಲಿಲ್ಲ, ಅವನಿಂದಲೂ ಆಗಲಿಲ್ಲ.

ಇದನ್ನು ರೇಡಿಯೋದ ಹೋಲಿಕೆಯಿಂದ ಹೇಳಬಹುದು. ವಾಲ್ವಿನ ರೇಡಿಯೋದಲ್ಲಿ ಕೇಳಿದರೂ ಟ್ರಾನ್ಸಿಸ್ಟರಿನಲ್ಲಿ ಕೇಳಿದರೂ ಕಚೇರಿ ಅದೇ, ರಾಗ ಅದೇ. ಆದರೆ ವಾಲ್ವು ಕಾಯುವವರೆಗೆ ಕಾಯಬೇಕಾಗಿತ್ತು. ಅಷ್ಟರಲ್ಲಿ ಆಲಾಪನೆಯ ಮೊದಲ ಎಳೆ ತಪ್ಪಿಹೋಗುತ್ತಿತ್ತು. ಈ ಎರಡು ಕ್ಯಾಮರಾಗಳ ಅಂತರವೂ ಬಹುಮಟ್ಟಿಗೆ ಅಂಥದೇ. ಕೈಗೆ ಸಿಕ್ಕ ಚಿತ್ರದ ಅಂದದಲ್ಲಿ ವ್ಯತ್ಯಾಸ ಸ್ವಲ್ಪ; ಕೈತಪ್ಪಿ ಹೋಗುವ ಚಿತ್ರಗಳ ಲೆಕ್ಕದಲ್ಲಿ ವ್ಯತ್ಯಾಸ ಬಹಳ.

ಹೇಗೆಂದು ನೋಡೋಣ. ಸೆನ್ಸರ್ ಫಲಕವನ್ನು, ಮಳೆನೀರು ಹಿಡಿಯಲು ಅಂಗಳದ ತುಂಬ ಜೋಡಿಸಿಟ್ಟ ಪುಟ್ಟ ಪಾತ್ರೆಗಳೆಂದು ಭಾವಿಸಿ. ಸುರಿಯುವುದು ಬೆಳಕಿನ ಮಳೆ. ಹಳೆಯ ಫಲಕದಲ್ಲಿ ವಿದ್ಯುತ್ ತಂತಿಗಳು ಪಾತ್ರೆಗಳ ಬಾಯಿಯ ಮೇಲೆಯೇ ಹಾದುಹೋಗುತ್ತವೆ. ಬಿದ್ದ ಮಳೆಯಲ್ಲಿ ಒಂದಿಷ್ಟು ಅವಕ್ಕೆ ತಾಗಿ ವ್ಯರ್ಥವಾಗುತ್ತದೆ. ಹೊಸದರಲ್ಲಿ ಫಲಕವನ್ನು ಮಗುಚಿ, ತಂತಿಗಳನ್ನು ಪಾತ್ರೆಗಳ ಅಡಿಗೆ ಒಯ್ದಿದ್ದಾರೆ. ಜಡಿಮಳೆಯಲ್ಲಿ, ಎಂದರೆ ಹಗಲಿನಲ್ಲಿ, ಇದರಿಂದ ಹೆಚ್ಚೇನೂ ಆಗದು. ಪಾತ್ರೆಗಳು ಹೇಗೂ ತುಂಬುತ್ತವೆ. ತುಂತುರಿನಲ್ಲಿ, ಎಂದರೆ ಗರ್ಭಗುಡಿಯ ನಂದಾದೀಪದ ಬೆಳಕಿನಲ್ಲಿ, ಒಂದೊಂದು ಹನಿಗೂ ಬೆಲೆ. ಅಲ್ಲಿ ಹೊಸದರ ಚಿತ್ರದಲ್ಲಿ ಮರಳು ಚೆಲ್ಲಿದಂತೆ ಕಾಣುವ ಕಾಳುಗಳು ಕಡಿಮೆ.

ಎರಡನೆಯದು, ಫೋಕಸ್ ಹಿಡಿಯುವ ಬಗೆ. ನಮಗೆ ಎರಡು ಕಣ್ಣುಗಳಿರುವುದರಿಂದ ದೂರದ ಅಂದಾಜು ಸಿಗುತ್ತದಲ್ಲವೇ? ಫಲಕದ ಮೇಲಿನ ಕೆಲವು ಬಿಂದುಗಳು ಲೆನ್ಸಿನ ಎಡ ಅಂಚಿನಿಂದ ಬಂದ ಬೆಳಕನ್ನೂ ಬಲ ಅಂಚಿನಿಂದ ಬಂದ ಬೆಳಕನ್ನೂ ಹಾಗೆಯೇ ಹೋಲಿಸಿ, ಲೆನ್ಸು ಯಾವ ಕಡೆಗೆ ಎಷ್ಟು ಸರಿಯಬೇಕೆಂದು ತಿಳಿಸುತ್ತವೆ. ಹಳೆಯದರಲ್ಲಿ ಇಂಥ 117 ಬಿಂದುಗಳು. ಅವೂ ಚೌಕಟ್ಟಿನ ನಡುಭಾಗದಲ್ಲಿ. ಹೊಸದರಲ್ಲಿ 693, ಚೌಕಟ್ಟಿನ ಶೇಕಡ 93ರಷ್ಟು ಭಾಗವನ್ನು ಅವು ಆವರಿಸಿವೆ. ವಧು ಚಿತ್ರದ ಒಂದು ಅಂಚಿಗೆ ಸರಿದರೂ ಅವಳ ಮುಖ ತಪ್ಪದು. ಇನ್ನೊಂದು ಸೋಜಿಗ: ಕ್ಯಾಮರಾ ಮನುಷ್ಯನ ಕಣ್ಣನ್ನು ಹುಡುಕಿ ಅದರ ಮೇಲೆಯೇ ಫೋಕಸ್ ನಿಲ್ಲಿಸುತ್ತದೆ. ಈ ವಿದ್ಯೆ ಹಳೆಯದಕ್ಕೂ ಗೊತ್ತು. ಆದರೆ ಸುಮ್ಮನೆ ನಿಂತವರ ಮಟ್ಟಿಗೆ. ಹೊಸದು ನಡೆಯುವವರ, ತಲೆ ತಿರುಗಿಸುವವರ ಕಣ್ಣನ್ನೂ ಹಿಂಬಾಲಿಸುತ್ತದೆ. 2019ರ ಏಪ್ರಿಲಿನಲ್ಲಿ ಕಂಪನಿ ಅದರ ಒಳಗಿನ ಸಾಫ್ಟ್‌ವೇರನ್ನು ತಿದ್ದಿ ಕೊಟ್ಟಮೇಲೆ ಈ ಶಕ್ತಿ ಇನ್ನೂ ಚುರುಕಾಯಿತು. ನಾಯಿ ಬೆಕ್ಕುಗಳ ಕಣ್ಣನ್ನು ಗುರುತಿಸುವುದನ್ನೂ ಕಲಿಯಿತು. ಕೊಂಡ ಮೇಲೂ ಯಂತ್ರ ಪಾಠ ಕಲಿಯುವುದು ನಮ್ಮ ಕಾಲದಲ್ಲಿ ಇರಲಿಲ್ಲ!

ಮೂರನೆಯದು, ಕೈಯ ನಡುಕ. ಹೊಸದರಲ್ಲಿ ಫಲಕವನ್ನು ಗಟ್ಟಿಯಾಗಿ ಬಿಗಿದಿಲ್ಲ. ಕೈ ಅಲುಗಿದರೆ ಫಲಕ ಅದಕ್ಕೆ ಎದುರಾಗಿ ಅಲುಗಿ ಚಿತ್ರವನ್ನು ಸ್ಥಿರವಾಗಿಡುತ್ತದೆ. ಇದರ ಪ್ರಯೋಜನ ಐದು ಮೆಟ್ಟಿಲೆಂದು ಕಂಪನಿಯ ಲೆಕ್ಕ. ಎಂದರೆ, ಸೆಕೆಂಡಿನ 60ನೆಯ ಒಂದು ಭಾಗ ಷಟರ್ ತೆರೆಯಬಹುದಾದ ಕಡೆ, ಹೆಚ್ಚೆಂದರೆ ಅರ್ಧ ಸೆಕೆಂಡಿನವರೆಗೂ ಕೈಯಲ್ಲೇ ಹಿಡಿದು ತೆರೆಯಬಹುದು. ಹಳೆಯದರ ಫಲಕಕ್ಕೆ ಈ ಅನುಕೂಲವಿಲ್ಲ. ಆದರೆ ಇಲ್ಲೊಂದು ಎಚ್ಚರಿಕೆಯ ಮಾತು: ಫಲಕ ಸರಿಪಡಿಸುವುದು ತೆಗೆಯುವವನ ಕೈಯ ನಡುಕವನ್ನೇ ಹೊರತು ವರನ ಕೈಯ ನಡುಕವನ್ನಲ್ಲ. ಬೇಲೂರಿನ ಶಿಲಾಬಾಲಿಕೆಗೆ ಇದು ವರದಾನ. ತಾಳಿ ಕಟ್ಟುವ ಕೈಗೆ ಷಟರು ಬೇಗ ಮುಚ್ಚಲೇಬೇಕು.

ನಾಲ್ಕನೆಯದು ನನ್ನ ಹಳೆಯ ಗಾಯಕ್ಕೆ ಸಂಬಂಧಿಸಿದ್ದು: ಗಳಿಗೆಗೆ ಸರಿಯಾಗಿ ‘ಮುಗಿದುಹೋಗುವ’ ವಿಷಯ. ಈಗ ರೋಲಿಲ್ಲ, ಆದರೆ ಬ್ಯಾಟರಿ ಮುಗಿಯಬಹುದು. ಜಪಾನಿನ ಕ್ಯಾಮರಾ ತಯಾರಕರ ಸಂಘದ ಪರೀಕ್ಷಾಕ್ರಮದಂತೆ, ಹಿಂದಿನ ಪರದೆ ನೋಡಿ ತೆಗೆದರೆ, ಹಳೆಯದರ ಬ್ಯಾಟರಿ ಸುಮಾರು 340 ಚಿತ್ರಗಳಿಗೆ ಬರುತ್ತದೆ. ಹೊಸದರದು ಸುಮಾರು 710ಕ್ಕೆ. ಮದುವೆಯೊಂದರಲ್ಲಿ ಸಾವಿರ ಮೀರುವುದು ಈಗ ಸಾಮಾನ್ಯ. ಹಳೆಯದನ್ನು ನೆಚ್ಚಿದವರ ಜೇಬಿನಲ್ಲಿ ಮೂರು ನಾಲ್ಕು ಬ್ಯಾಟರಿಗಳಿರಬೇಕು. ಮುಹೂರ್ತಕ್ಕೆ ಹತ್ತು ನಿಮಿಷ ಮೊದಲೇ ಬದಲಿಸುವ ವಿವೇಕವೂ ಇರಬೇಕು. ಮೆಮೊರಿ ಕಾರ್ಡು ಹಳೆಯದರಲ್ಲಿ ಒಂದೇ. ಹೊಸದರಲ್ಲಿ ಎರಡು; ಒಂದೇ ಚಿತ್ರವನ್ನು ಎರಡರಲ್ಲೂ ಬರೆದಿಡಬಹುದು. ಒಂದು ಕಾರ್ಡು ಕೆಟ್ಟರೂ ಮದುವೆ ಉಳಿಯುತ್ತದೆ. ಸೆಕೆಂಡಿಗೆ ಹಳೆಯದು 5 ಚಿತ್ರ ತೆಗೆದರೆ ಹೊಸದು 10 ತೆಗೆಯುತ್ತದೆ. ಇಷ್ಟಕ್ಕೆಲ್ಲ ತೆರಬೇಕಾದ ಬೆಲೆ ಹಣವೊಂದೇ ಅಲ್ಲ: ಬ್ಯಾಟರಿ, ಕಾರ್ಡು ಸೇರಿ ಹಳೆಯದರ ತೂಕ 474 ಗ್ರಾಂ, ಹೊಸದರದು 650 ಗ್ರಾಂ. ಕೊರಳಿಗೆ ಹಾಕಿಕೊಂಡು ಬೆಟ್ಟ ಹತ್ತುವವರಿಗೆ ಹಳೆಯದೇ ಹಿತ.

ಸಂಗೀತ ಕೇಳುವ ಮನೆಗಳವರಿಗೆ ಇನ್ನೊಂದು ಮಾತು. ಹಳೆಯದರ ಷಟರು ಸದ್ದು ಮಾಡಿಯೇ ಮಾಡುತ್ತದೆ. ಹೊಸದರಲ್ಲಿ ಸದ್ದಿಲ್ಲದೆ ತೆಗೆಯುವ ಏರ್ಪಾಟಿದೆ. ಕಚೇರಿಯ ಮುಂದಿನ ಸಾಲಿನಲ್ಲಿ ಕುಳಿತು ತೆಗೆದರೂ ಪಕ್ಕದವರು ಹುಬ್ಬು ಗಂಟಿಕ್ಕುವುದಿಲ್ಲ. ಆದರೆ ಆಗ ಫಲಕ ದೃಶ್ಯವನ್ನು ಸಾಲುಸಾಲಾಗಿ ಓದಿಕೊಳ್ಳುವುದರಿಂದ, ಕೆಲವು ಎಲ್‌ಇಡಿ ದೀಪಗಳ ಕೆಳಗೆ ಚಿತ್ರದಲ್ಲಿ ಕಪ್ಪು ಪಟ್ಟೆಗಳು ಮೂಡಬಹುದು. ಮೊದಲೇ ಒಂದೆರಡು ತೆಗೆದು ನೋಡಿಕೊಳ್ಳುವುದು ಕ್ಷೇಮ.

ಕೊನೆಯದಾಗಿ ಲೆನ್ಸಿನ ವಿಚಾರ. ಲೆನ್ಸು ಕೂರುವ ಬಾಯಿ ಎರಡರಲ್ಲೂ ಒಂದೇ ಅಳತೆಯದು. ಒಂದರ ಲೆನ್ಸು ಇನ್ನೊಂದಕ್ಕೆ ಆಗುತ್ತದೆ. ಕನ್ನಡಿ ಹೋದದ್ದರಿಂದ ಆ ಬಾಯಿಯಿಂದ ಫಲಕಕ್ಕೆ 18 ಮಿಲಿಮೀಟರ್ ಮಾತ್ರ ದೂರ. ಕನ್ನಡಿಯಿದ್ದ ನಿಕಾನ್ ಎಫ್‌ನಲ್ಲಿ ಈ ದೂರ 46.5 ಮಿಲಿಮೀಟರ್. ನಡುವಿನ ಅಂತರ ತುಂಬುವ ಒಂದು ಬಳೆ ಸಿಕ್ಕಿಸಿದರೆ, ತಂದೆಯವರ ಪೆಟ್ಟಿಗೆಯಲ್ಲಿ ಮಲಗಿರುವ ಹಳೆಯ ಲೆನ್ಸು ಕೂಡ ಇವುಗಳ ಮೇಲೆ ಕಣ್ಣು ತೆರೆಯುತ್ತದೆ. ಫೋಕಸನ್ನು ಮಾತ್ರ ಕೈಯಿಂದ ತಿರುಗಿಸಬೇಕು. ಒಳ್ಳೆಯ ಲೆನ್ಸು ಎರಡು ಮೂರು ಪೀಳಿಗೆಯ ಕ್ಯಾಮರಾಗಳನ್ನು ಕಾಣಬಲ್ಲದು. ಆದ್ದರಿಂದ ಕೈಯಲ್ಲಿರುವ ಹಣ ಒಂದಕ್ಕೆ ಮಾತ್ರ ಸಾಲುವಾಗ, ಮನೆಯ ಬಳಕೆಗೆ ಹಳೆಯ ಪೆಟ್ಟಿಗೆ, ಒಳ್ಳೆಯ ಲೆನ್ಸು ಎಂಬುದೇ ಜಾಣತನ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬಿಳಿಯ ಗೋಡೆಯ ಚಿತ್ರವೊಂದನ್ನು ತೆಗೆದು, ಫಲಕದ ಮೇಲೆ ಕಲೆಗಳಿವೆಯೇ ನೋಡಬೇಕು. ಬ್ಯಾಟರಿ ಉಬ್ಬಿದೆಯೇ ಪರೀಕ್ಷಿಸಬೇಕು. ಲೆನ್ಸನ್ನು ದೀಪಕ್ಕೆ ಹಿಡಿದು ಒಳಗೆ ಬೂಷ್ಟು ಹಬ್ಬಿದೆಯೇ ಗಮನಿಸಬೇಕು. ಮಲೆನಾಡು, ಕರಾವಳಿಗಳ ಮಳೆಗಾಲ ಕಂಡ ಲೆನ್ಸಾದರೆ ಈ ಕೊನೆಯ ಪರೀಕ್ಷೆ ತಪ್ಪಿಸಕೂಡದು.

ಹಾಗಾದರೆ ಹುಡುಗನಿಗೆ ಏನು ಹೇಳಿದೆ? “ನೀನು ಕೊಳ್ಳಬೇಕೆಂದಿರುವುದು ವರ್ಷಪೂರ್ತಿಯ ಕ್ಯಾಮರಾ, ಬೇಕಾಗಿರುವುದು ಒಂದು ದಿನದ ಧೈರ್ಯ. ಧೈರ್ಯವನ್ನು ಬಾಡಿಗೆಗೆ ತಾ” ಎಂದೆ. ದಿನದ ಬಾಡಿಗೆಗೆ ಕ್ಯಾಮರಾ ಕೊಡುವ ಅಂಗಡಿಗಳು ಬೆಂಗಳೂರು, ಮೈಸೂರುಗಳಲ್ಲಿ ಉಂಟು. ತಿಂಗಳಿಗೆ ನಾಲ್ಕಾರು ಮದುವೆ ಒಪ್ಪಿಕೊಳ್ಳುವ ಕಾಲ ಬಂದಾಗ ಬಾಡಿಗೆಗಿಂತ ಕೊಳ್ಳುವುದೇ ಅಗ್ಗವಾಗುತ್ತದೆ. ಆಗ ಸಾಲಕ್ಕೂ ಅರ್ಥವುಂಟು. ಅವನು ಒಪ್ಪಿದ.

ಮದುವೆಯ ದಿನ ಮಂಟಪದ ಮುಂದೆ ಅವನ ಕೈಯಲ್ಲಿದ್ದದ್ದು ಬಾಡಿಗೆಯ ಹೊಸ ಕ್ಯಾಮರಾ. ಗಟ್ಟಿಮೇಳ ಮುಗಿಯುವಷ್ಟರಲ್ಲಿ ಹತ್ತಾರು ಚಿತ್ರಗಳು ಎರಡೂ ಕಾರ್ಡುಗಳಿಗೆ ಇಳಿದಿದ್ದವು. ಅವುಗಳಲ್ಲೊಂದರಲ್ಲಿ ಮೂರನೆಯ ಗಂಟು ಬೀಳುತ್ತಿದೆ. ಹುಡುಗಿಯ ರೆಪ್ಪೆಯ ಮೇಲೆ ಅಕ್ಷತೆಯ ಕಾಳೊಂದು ನಿಂತಿದೆ. ಅವನ ಸ್ವಂತ ಹಳೆಯ ಕ್ಯಾಮರಾ ಹಿಂದಿನ ಸಂಜೆ ಕೆಲಸ ಮಾಡಿತ್ತು: ಕಿಟಕಿಯ ಬೆಳಕಿನಲ್ಲಿ ಅಜ್ಜಿ ಮೊಮ್ಮಗಳಿಗೆ ಹೂ ಮುಡಿಸುತ್ತಿರುವ ಚಿತ್ರ ಅದರದು. ಈಗ ತಂಗಿಯ ಮನೆಯ ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗುಹಾಕಿರುವುದು ಅದನ್ನೇ.

ಮೂರನೆಯ ಗಂಟಿನ ಚಿತ್ರವನ್ನು ನನ್ನ ಹೆಂಡತಿ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಅಂದು ಸಾಕ್ಷಿಯ ಮಾತನ್ನು ಎತ್ತಲಿಲ್ಲ. “ನಮ್ಮದೂ ಹೀಗೇ ಇದ್ದಿರಬೇಕು, ಅಲ್ಲವೇ?” ಎಂದಳು.