ಬೀಜಕ್ಕಿಂತ ಮೊದಲು ಮಣ್ಣು: ಕೈತೋಟಕ್ಕೆ ಅಕ್ಟೋಬರ್ ಕೆಲಸ

ಹಾಸ್ಟೆಲ್ ಹಿಂದೆ, ಮೆಸ್‌ನ ನೀರಿನ ಟ್ಯಾಂಕ್ ಪಕ್ಕ ಇರೋ ಖಾಲಿ ಜಾಗವನ್ನು ಈ ವರ್ಷ ನಮ್ಮ ಕನ್ನಡ ಸಂಘಕ್ಕೆ ಕೈತೋಟ ಮಾಡೋಕೆ ಕೊಟ್ಟಿದ್ದಾರೆ. ಜೊತೆಗೆ ಒಂದು ಷರತ್ತೂ ಇದೆ. ಜನವರಿಯಲ್ಲಿ ಬಂದು ನೋಡ್ತಾರೆ, ಅಲ್ಲಿ ಹಸಿರು ಕಾಣದಿದ್ರೆ ಆ ಜಾಗ ಬೈಕ್ ಪಾರ್ಕಿಂಗ್ ಆಗುತ್ತೆ.

ಜನವರಿ ಇನ್ನೂ ದೂರ ಇದೆ ಅನ್ನಿಸಬಹುದು. ಆದರೆ ನಡುವೆ ಇಂಟರ್ನಲ್ಸ್ ಇದೆ, ಲ್ಯಾಬ್ ಎಕ್ಸಾಮ್ ಇದೆ, ಆಮೇಲೆ ಸೆಮಿಸ್ಟರ್ ಪರೀಕ್ಷೆ. ಆಗ ಗುದ್ದಲಿ ಹಿಡಿಯೋಕೆ ಯಾರೂ ಸಿಗಲ್ಲ. ಅದಕ್ಕೇ ಕಷ್ಟದ ಕೆಲಸವನ್ನೆಲ್ಲ ಈಗಲೇ ಮುಗಿಸಿಬಿಟ್ರೆ, ಪರೀಕ್ಷೆ ಹೊತ್ತಿಗೆ ಉಳಿಯೋದು ನೀರು ಹಾಕೋದು ಮಾತ್ರ.

ಅಕ್ಟೋಬರ್ ಯಾಕೆ?

ಯೂಟ್ಯೂಬ್‌ನಲ್ಲಿ ಹುಡುಕಿದ್ರೆ ಸಿಗೋ ವಿದೇಶಿ ವಿಡಿಯೋಗಳಲ್ಲಿ ಈ ತಿಂಗಳು ತೋಟವನ್ನು ಮುಚ್ಚೋ ಕೆಲಸ ನಡೀತಾ ಇರುತ್ತೆ. ಅಲ್ಲಿ ಮುಂದೆ ಹಿಮ ಬೀಳುತ್ತೆ. ನಮ್ಮಲ್ಲಿ ಹಾಗಲ್ಲ. ಮುಂಗಾರು ಮುಗಿದು ಹಿಂಗಾರು ಶುರುವಾಗೋ ಸಮಯ ಇದು. ಚಿತ್ತಾ, ಸ್ವಾತಿ ಮಳೆ ಬಂದು ಹೋದ ಮೇಲೆ ಮಣ್ಣಲ್ಲಿ ತೇವ ಇರುತ್ತೆ, ಬಿಸಿಲು ಹದವಾಗಿರುತ್ತೆ. ಮೂಲಂಗಿ, ಬೀನ್ಸ್, ಮೆಂತ್ಯ, ಕೊತ್ತಂಬರಿಗೆ ಇದಕ್ಕಿಂತ ಒಳ್ಳೆ ಕಾಲ ಇಲ್ಲ.

ಮೊದಲು ಮಣ್ಣನ್ನ ತಿಳ್ಕೊಳ್ಳೋಣ

ಒಂದು ಖಾಲಿ ನೀರಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಡಿ. ಒಂದೆರಡು ನಿಮಿಷದಲ್ಲಿ ಮರಳು ತಳಕ್ಕೆ ಇಳಿಯುತ್ತೆ, ಕೆಲವು ಗಂಟೆಗಳಲ್ಲಿ ಸಣ್ಣ ಹೂಳು, ಜೇಡಿಗೆ ಒಂದು ದಿನವಾದರೂ ಬೇಕು. ನಾವು ಓದಿರೋ ಸ್ಟೋಕ್ಸ್ ನಿಯಮವೇ ಇದು: ಕಣದ ವ್ಯಾಸ ಅರ್ಧ ಆದ್ರೆ ಇಳಿಯೋ ವೇಗ ಕಾಲುಭಾಗ ಆಗುತ್ತೆ. ಮರಳಿನ ಪದರ ದಪ್ಪ ಇದ್ರೆ ನೀರು ಬೇಗ ಇಂಗಿ ಹೋಗುತ್ತೆ, ಆಗಾಗ ಹಾಕಬೇಕು. ಜೇಡಿ ಜಾಸ್ತಿ ಇದ್ರೆ ನೀರು ನಿಂತು ಬೇರು ಕೊಳೆಯುತ್ತೆ. ಎರಡಕ್ಕೂ ಮದ್ದು ಒಂದೇ, ಕೊಳೆತ ಗೊಬ್ಬರ.

ಹದ ನೋಡಿ ಅಗೆಯೋದು

‘ಹದ ನೋಡಿ ಹರಗು, ಬೆದೆ ನೋಡಿ ಬಿತ್ತು’ ಅಂತ ಗಾದೆ ಇದೆ. ಹದ ನೋಡೋಕೆ ಮೀಟರ್ ಬೇಡ. ಒಂದು ಹಿಡಿ ಮಣ್ಣು ಹಿಸುಕಿ ಉಂಡೆ ಮಾಡಿ, ಹೆಬ್ಬೆರಳಿಂದ ಒತ್ತಿ. ಉಂಡೆ ಪುಡಿಯಾದ್ರೆ ಅಗೆಯಬಹುದು. ಕೈಗೆ ಅಂಟಿಕೊಂಡ್ರೆ ಇನ್ನೆರಡು ದಿನ ಕಾಯಬೇಕು.

ಕಾರಣ ಸಿವಿಲ್‌ನವರಿಗೆ ಗೊತ್ತು. ಪ್ರಾಕ್ಟರ್ ಟೆಸ್ಟ್‌ನಲ್ಲಿ ಮಣ್ಣಿಗೆ ಸರಿಯಾದಷ್ಟು ನೀರು ಬೆರೆಸಿ ಗುದ್ದಿದಾಗ ಅದು ಅತಿ ಹೆಚ್ಚು ಗಟ್ಟಿಯಾಗುತ್ತೆ. ರಸ್ತೆಗೆ ಅದು ಬೇಕು, ತೋಟಕ್ಕೆ ಅದರ ಉಲ್ಟಾ ಬೇಕು. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕಲ್ಲ! ಹಸಿ ಮಣ್ಣಲ್ಲಿ ಓಡಾಡಿದ್ರೆ ನಾವೇ ರೋಲರ್ ಆಗ್ತೀವಿ. ಅದಕ್ಕೆ ಮಡಿಗಳನ್ನ 3 ಅಡಿ ಅಗಲಕ್ಕೆ ಮಾತ್ರ ಮಾಡೋಣ. ಎರಡೂ ಬದಿಯಿಂದ ಕೈ ನಡುವಿಗೆ ಎಟುಕುತ್ತೆ, ಒಳಗೆ ಕಾಲಿಡೋ ಅಗತ್ಯ ಇರಲ್ಲ. ಉದ್ದ 10 ಅಡಿ, ಎತ್ತರ ಅರ್ಧ ಅಡಿ. ಎತ್ತರ ಇದ್ರೆ ಹಿಂಗಾರಿನ ಜೋರು ಮಳೆ ಬಂದ್ರೂ ನೀರು ನಿಲ್ಲಲ್ಲ.

ಕಳೆ

ಕಾಂಗ್ರೆಸ್ ಗಿಡವನ್ನ ಹೂ ಬಿಡೋ ಮುಂಚೆ ಬೇರು ಸಮೇತ ಕೀಳಬೇಕು. ಕೆಲವರಿಗೆ ಮೈ ತುರಿಕೆ ಬರುತ್ತೆ, ಗ್ಲೌಸ್ ಹಾಕ್ಕೊಳ್ಳಿ. ಜೇಕು ಕಿತ್ತರೆ ಸಾಲದು, ಕೆಳಗಿನ ಗೆಡ್ಡೆಯನ್ನೂ ತೆಗೀಬೇಕು, ಇಲ್ಲಾಂದ್ರೆ ಅದು ಮತ್ತೆ ಚಿಗುರುತ್ತೆ. ಮಡಿ ಸಿದ್ಧವಾದ ಮೇಲೆ ತಕ್ಷಣ ಬಿತ್ತಬೇಡಿ. ನೀರು ಹಾಕಿ ಹತ್ತು ದಿನ ಬಿಡಿ. ಮೇಲ್ಮಣ್ಣಲ್ಲಿರೋ ಕಳೆ ಬೀಜ ಮೊಳೆತು ಬರುತ್ತೆ. ಆಗ ಆಳಕ್ಕೆ ಅಗೆಯದೆ ಮೇಲೆ ಮೇಲೆ ಕೆರೆದು ತೆಗೆದ್ರೆ, ಪರೀಕ್ಷೆ ಸಮಯದಲ್ಲಿ ಕೀಳಬೇಕಾದ ಕಳೆಯಲ್ಲಿ ತುಂಬಾ ಭಾಗ ಈಗಲೇ ಮುಗಿದಿರುತ್ತೆ.

ಗೊಬ್ಬರ: ಈಗಿನದು, ಮುಂದಿನದು

ಈ ಸಲದ ಬೆಳೆಗೆ ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ತರಬೇಕು. ಒಂದು ಚದರ ಮೀಟರ್‌ಗೆ ಎರಡೂವರೆಯಿಂದ 3 ಕೆಜಿ, ಅಂದ್ರೆ ನಮ್ಮ ಒಂದು ಮಡಿಗೆ ಸುಮಾರು 8 ಕೆಜಿ. ಮೆಸ್‌ನ ತರಕಾರಿ ಸಿಪ್ಪೆಯನ್ನ ನೇರ ಮಡಿಗೆ ಸುರಿಯಬಾರದು. ಕೊಳೆಯದ ಕಸ, ಅದರಲ್ಲೂ ಒಣ ಎಲೆ, ಮಣ್ಣಲ್ಲಿ ಬೆರೆತರೆ ಅದನ್ನ ಕೊಳೆಸೋ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಬಳಸಿಕೊಳ್ತವೆ. ಗಿಡ ಹಳದಿಯಾಗುತ್ತೆ.

ಸಿಪ್ಪೆಗೆ ಬೇರೆ ಗುಂಡಿ ಮಾಡೋಣ. ಇಂಗಾಲ ಮತ್ತು ಸಾರಜನಕದ ಅನುಪಾತ 25ರಿಂದ 30ಕ್ಕೆ 1 ಇದ್ರೆ ಗೊಬ್ಬರ ಚೆನ್ನಾಗಿ ಆಗುತ್ತೆ. ಲೆಕ್ಕ ಸುಲಭ: ಒಂದು ಬಕೆಟ್ ಹಸಿ ಕಸಕ್ಕೆ ಎರಡು ಮೂರು ಬಕೆಟ್ ಒಣ ಎಲೆ. ವಾರಕ್ಕೊಮ್ಮೆ ತಿರುವಿ ಹಾಕಬೇಕು. ಗಾಳಿ ಸಿಗದಿದ್ರೆ ವಾಸನೆ ಬರುತ್ತೆ, ವಾಸನೆ ಬಂದ್ರೆ ವಾರ್ಡನ್ ಬರ್ತಾರೆ. ಇದು ಗೊಬ್ಬರ ಆಗೋಕೆ ಎರಡು ಮೂರು ತಿಂಗಳು ಬೇಕು, ಮುಂದಿನ ಸೆಮಿಸ್ಟರ್‌ನ ಬೆಳೆಗೆ ಸರಿಯಾಗಿ ಸಿಗುತ್ತೆ.

ಒಂದು ಮಡಿಗೆ ಅಲಸಂದೆ

ಎಲ್ಲಾ ಮಡಿಗೂ ತರಕಾರಿ ಬೇಡ. ಒಂದಕ್ಕೆ ಅಲಸಂದೆ ಬಿತ್ತೋಣ. ಅದರ ಬೇರಿನ ಗಂಟುಗಳಲ್ಲಿರೋ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನ ಗಿಡಕ್ಕೆ ಒದಗಿಸುತ್ತೆ. ಗಂಟು ಸೀಳಿದಾಗ ಒಳಗೆ ಗುಲಾಬಿ ಬಣ್ಣ ಕಂಡ್ರೆ ಕೆಲಸ ನಡೀತಿದೆ ಅಂತ ಅರ್ಥ. ಹೂ ಬರೋ ಹೊತ್ತಿಗೆ ಕತ್ತರಿಸಿ ಅದೇ ಮಣ್ಣಿಗೆ ಸೇರಿಸಿದ್ರೆ ಮುಂದಿನ ಬೆಳೆಗೆ ಊಟ ರೆಡಿ.

ವೇಳಾಪಟ್ಟಿ

ಮೊದಲ ವಾರ ಕಳೆ ಕಿತ್ತು ಅಗೆಯೋದು. ಎರಡನೇ ವಾರ ಗೊಬ್ಬರ ಬೆರೆಸಿ ಮಡಿ ಕಟ್ಟಿ ನೀರು ಹಾಕೋದು. ನಾಲ್ಕನೇ ವಾರ ಮೊಳೆತ ಕಳೆ ಕೆರೆದು ಬಿತ್ತೋದು. ಮೆಂತ್ಯ ಒಂದು ತಿಂಗಳಿಗೆ, ಮೂಲಂಗಿ ಒಂದೂವರೆ ತಿಂಗಳಿಗೆ, ಬೀನ್ಸ್ ಎರಡು ತಿಂಗಳಿಗೆ ಕೈಗೆ ಬರುತ್ತೆ. ಮೆಂತ್ಯ ಕಿತ್ತ ಜಾಗಕ್ಕೆ ಡಿಸೆಂಬರ್‌ನಲ್ಲಿ ಮತ್ತೆ ಬೀಜ ಉದುರಿಸಿದ್ರೆ ಜನವರಿಯಲ್ಲಿ ನೋಡೋಕೆ ಬಂದವರಿಗೂ ಹಸಿರು ಕಾಣುತ್ತೆ. ಸಸಿ ಎದ್ದ ಮೇಲೆ ಸುತ್ತ ಎರಡು ಇಂಚು ಒಣ ಎಲೆ ಹೊದಿಸಿದ್ರೆ ತೇವ ಬೇಗ ಆರಲ್ಲ, ಪರೀಕ್ಷೆ ಹಿಂದಿನ ದಿನ ನೀರು ಹಾಕೋದು ತಪ್ಪಿದ್ರೂ ಗಿಡ ತಡ್ಕೊಳ್ಳುತ್ತೆ.

ಈ ಭಾನುವಾರ ಬೆಳಿಗ್ಗೆ 7 ಗಂಟೆಗೆ ಕೆಲಸ ಶುರು. ಮನೇಲಿ ಹೊಲ, ತೋಟ ಇರೋ ಗೆಳೆಯ ಗೆಳತಿಯರು ಖಂಡಿತ ಬನ್ನಿ. ಪುಸ್ತಕ ನೋಡಿ ಹದ ತಿಳ್ಕೊಂಡಿರೋ ನಮ್ಮಂಥವರಿಗೆ ಕೈಯಲ್ಲಿ ಹಿಡಿದು ತೋರಿಸೋರು ಬೇಕು. ಉಳಿದವರು ಬರುವಾಗ ದಾರಿಯಲ್ಲಿ ಬಿದ್ದಿರೋ ಒಣ ಎಲೆ ಒಂದು ಚೀಲ ತುಂಬಿಸಿಕೊಂಡು ಬನ್ನಿ.