ಯೋಗ್ಯತಾವೇತನವೂ ಬಡ ವಿದ್ಯಾರ್ಥಿಯೂ

ಬಡ ಮನೆಯ ಬುದ್ಧಿವಂತ ಹುಡುಗನೊಬ್ಬನಿಗೆ ಉದಾರಿಗಳಾದ ದಾನಿಗಳು ಐದು ಸಾವಿರ ಡಾಲರುಗಳ ಬಹುಮಾನವನ್ನು ಕೊಟ್ಟರೆ, ಆ ಹುಡುಗನ ಕಷ್ಟವು ಐದು ಸಾವಿರ ಡಾಲರುಗಳಷ್ಟು ಕಡಿಮೆಯಾಗಬೇಕಷ್ಟೆ. ಲೋಕನ್ಯಾಯವು ಹೀಗಿದ್ದರೂ ಅಮೇರಿಕಾ ಸಂಯುಕ್ತ ಸಂಸ್ಥಾನಗಳ ಎಷ್ಟೋ ಕಾಲೇಜುಗಳಲ್ಲಿ ನಡೆಯುವ ನ್ಯಾಯವು ಬೇರೆ. ಅಲ್ಲಿ ಬಹುಮಾನವು ಹುಡುಗನ ಹೆಸರಿಗೆ ಬರುವುದು. ಒಡನೆಯೇ ಕಾಲೇಜು ತಾನು ಕೊಡುವೆನೆಂದಿದ್ದ ಸಹಾಯದಲ್ಲಿ ಅಷ್ಟೇ ಹಣವನ್ನು ಇಳಿಸುವುದು. ಹುಡುಗನು ಎಲ್ಲಿದ್ದನೋ ಅಲ್ಲಿಯೇ ಉಳಿಯುವನು. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ನಮ್ಮ ಗಾದೆಗೆ ಇದಕ್ಕಿಂತ ಒಪ್ಪುವ ದೃಷ್ಟಾಂತವನ್ನು ನಾವು ಕಂಡಿಲ್ಲ.

ಕಡಲಾಚೆಯ ಮಾತೆಂದು ವಾಚಕರು ಇದನ್ನು ಉಪೇಕ್ಷಿಸಬಾರದು. ಅಲ್ಲಿ ನೆಲೆಸಿ ಅಲ್ಲಿಯ ಪ್ರಜೆಗಳೇ ಆಗಿರುವ ಕನ್ನಡಿಗರ ಮಕ್ಕಳು ಈಗ ಅದೇ ಕಾಲೇಜುಗಳ ಬಾಗಿಲಲ್ಲಿ ನಿಂತಿರುವರು. (ಇಲ್ಲಿಂದ ಓದುವುದಕ್ಕಾಗಿ ಹೋಗುವವರಿಗೆ ಅಲ್ಲಿಯ ಕೇಂದ್ರ ಸರಕಾರದ ಸಹಾಯವು ಸಲ್ಲದು, ಅವರ ಕಥೆಯೇ ಬೇರೆ.) ಅದೂ ಅಲ್ಲದೆ, ಜಾಣ್ಮೆಗೆ ಕೊಡುವ ಹಣಕ್ಕೂ ಬಡತನಕ್ಕೆ ಕೊಡುವ ಹಣಕ್ಕೂ ಇರತಕ್ಕ ಸಂಬಂಧವೇನೆಂಬ ಪ್ರಶ್ನೆಯು ಯಾವ ದೇಶದ ವಿದ್ಯಾಧಿಕಾರಿಗಳಿಗೂ ಹೊರತಾದುದಲ್ಲ.

ಅಮೇರಿಕೆಯಲ್ಲಿ ಬಡತನಕ್ಕೆ ಕೊಡುವ ಸಹಾಯದ ಬುನಾದಿಯು 1965ರ ಉಚ್ಚ ಶಿಕ್ಷಣದ ಶಾಸನ. ಅಧ್ಯಕ್ಷ ಲಿಂಡನ್ ಜಾನ್ಸನ್ನರು ಅದಕ್ಕೆ ರುಜು ಹಾಕಿದ್ದು ರಾಜಧಾನಿಯಲ್ಲಲ್ಲ. ಟೆಕ್ಸಾಸಿನ ಸ್ಯಾನ್ ಮಾರ್ಕೋಸಿನಲ್ಲಿ, ತಾವು ಓದಿದ ಕಾಲೇಜಿನಲ್ಲಿಯೇ. 1972ರಲ್ಲಿ ಹುಟ್ಟಿ 1980ರಲ್ಲಿ ಸೆನೆಟರ್ ಪೆಲ್ಲರ ಹೆಸರನ್ನು ಪಡೆದ ಪೆಲ್ ಅನುದಾನವು ಈ ಕಟ್ಟಡದ ಕಂಬ. 2024-25ರಲ್ಲಿ ಅದರ ಗರಿಷ್ಠ ಪ್ರಮಾಣವು 7,395 ಡಾಲರು. ಕುಟುಂಬದ ವರಮಾನ, ಆಸ್ತಿ ಮೊದಲಾದವನ್ನು ಒಂದು ಅರ್ಜಿಯಲ್ಲಿ ಬರೆದುಕೊಟ್ಟರೆ ಆ ಕುಟುಂಬವು ಎಷ್ಟು ತೆತ್ತೀತೆಂಬ ಅಂಕಿಯೊಂದು ಹೊರಬೀಳುವುದು. ಕಾಲೇಜಿನ ಒಟ್ಟು ವೆಚ್ಚದಲ್ಲಿ ಈ ಅಂಕಿಯನ್ನು ಕಳೆದರೆ ಉಳಿಯುವುದೇ ವಿದ್ಯಾರ್ಥಿಯ ‘ಅಗತ್ಯ’.

ಲೆಕ್ಕವು ಸ್ಪಷ್ಟವಾಗಲೆಂದು ಒಂದು ಉದಾಹರಣೆಯನ್ನು ಕಲ್ಪಿಸೋಣ. ವರ್ಷದ ವೆಚ್ಚ 60,000 ಡಾಲರು, ತಂದೆತಾಯಿಗಳಿಂದ ಆಗುವುದು 2,000, ಅಗತ್ಯ 58,000. ಇದರಲ್ಲಿ ಪೆಲ್ ಅನುದಾನವು 5,400, ಕಾಲೇಜಿನ ಸ್ವಂತ ಅನುದಾನವು 46,600, ವಿದ್ಯಾರ್ಥಿಯು ಕೆಲಸಮಾಡಿ ಗಳಿಸತಕ್ಕದ್ದು 2,500, ಸಾಲ 3,500. ತಕ್ಕಡಿ ಸರಿಯಾಯಿತು. ಈಗ ಹೊರಗಿನಿಂದ 5,000 ಡಾಲರುಗಳ ಯೋಗ್ಯತಾವೇತನವು ಬಂದಿತೆನ್ನಿ. ಕೇಂದ್ರ ಸರಕಾರದ ನಿಯಮದಂತೆ ಅಗತ್ಯವನ್ನು ನೋಡಿ ಕೊಡುವ ಸಹಾಯವೂ ಹೊರಗಿನ ವೇತನವೂ ಸೇರಿ ಅಗತ್ಯವನ್ನು ಮೀರಕೂಡದು. ಆದುದರಿಂದ ಎಲ್ಲಿಯಾದರೂ 5,000 ಇಳಿಯಲೇ ಬೇಕು. ಎಲ್ಲಿ ಇಳಿಸಬೇಕೆಂಬುದನ್ನು ಮಾತ್ರ ನಿಯಮವು ಬಹುಮಟ್ಟಿಗೆ ಕಾಲೇಜಿನ ಚಿತ್ತಕ್ಕೆ ಬಿಟ್ಟಿದೆ. ಮೊದಲು ಸಾಲವನ್ನೂ ಬಳಿಕ ಕೂಲಿಯನ್ನೂ ಇಳಿಸಿದರೆ ಹುಡುಗನು ಋಣಮುಕ್ತನಾಗುವನು. ಓದಲು ಅವನಿಗೆ ಹೊತ್ತು ಮಿಗುವುದು. ಹಾಗೆ ಮಾಡದೆ ಕಾಲೇಜು ತನ್ನ ಅನುದಾನವನ್ನೇ 41,600ಕ್ಕೆ ಇಳಿಸಿದರೆ, ಬಹುಮಾನವನ್ನು ಪಡೆದವರು ಯಾರು? ಹುಡುಗನಲ್ಲ, ಕಾಲೇಜಿನ ಬೊಕ್ಕಸ.

ಅದೇ ತರಗತಿಯಲ್ಲಿ ಸಿರಿವಂತರ ಮಗನೊಬ್ಬನಿಗೂ ಅಂತಹುದೇ ಬಹುಮಾನವು ಬಂದಿರುವುದೆಂದು ಭಾವಿಸಿರಿ. ಅವನಿಗೆ ಅಗತ್ಯವೇ ಇಲ್ಲವಾದುದರಿಂದ ಕಳೆಯುವುದಕ್ಕೆ ಏನೂ ಇಲ್ಲ. ಐದು ಸಾವಿರವೂ ಅವನ ತಂದೆಯ ಜೇಬಿನಲ್ಲಿ ಉಳಿಯುವುದು. ಒಂದೇ ಬಹುಮಾನ, ಒಂದೇ ಯೋಗ್ಯತೆ. ಫಲದಲ್ಲಿ ಮಾತ್ರ ಇಷ್ಟು ಅಂತರ. ಹಿಂದೆ ನಮ್ಮ ಊರುಗಳಲ್ಲಿ ವಾರಾನ್ನದಿಂದ ಓದುತ್ತಿದ್ದ ಹುಡುಗನಿಗೆ ಪಾಠಶಾಲೆಯಲ್ಲಿ ಬಹುಮಾನ ಬಂದಿತೆಂದು ಕೇಳಿ ಗುರುವಾರದ ಮನೆಯವರು, “ಇನ್ನು ನಿನಗೆ ನಮ್ಮ ಊಟವೇಕಪ್ಪಾ?” ಎಂದಿದ್ದರೆ ಊರು ಏನೆನ್ನುತ್ತಿತ್ತು?

ಕಾಲೇಜಿನವರ ಸಮಾಧಾನವನ್ನೂ ಕೇಳತಕ್ಕದ್ದು. ತಮ್ಮ ನಿಧಿಯು ಅಕ್ಷಯಪಾತ್ರೆಯಲ್ಲ. ಒಬ್ಬನಿಗೆ ಹೊರಗಿನಿಂದ ಹಣ ಬಂದರೆ ಉಳಿದುದನ್ನು ಮತ್ತೊಬ್ಬ ಬಡವನಿಗೆ ಕೊಡುವೆವು ಎಂದು ಅವರು ಹೇಳುವರು. ಇದು ತಳ್ಳಿಹಾಕತಕ್ಕ ಮಾತಲ್ಲ. ಆದರೆ ಆ ಮತ್ತೊಬ್ಬನಿಗೆ ಬೇಕಾದ ಹಣವನ್ನು ಮೊದಲನೆಯ ಬಡವನ ಪ್ರಯತ್ನದ ಫಲದಿಂದಲೇ ಏಕೆ ತೆಗೆಯಬೇಕು? ದಾನಿಯಾದರೂ ಇಂತಹ ಹುಡುಗನಿಗೆಂದು ಕೊಟ್ಟನೇ ಹೊರತು ಕಾಲೇಜಿನ ಹುಂಡಿಗೆಂದು ಕೊಡಲಿಲ್ಲ. ಹಾರ್ವರ್ಡಿನಂತಹ ವಿದ್ಯಾಪೀಠಗಳು ಹೊರಗಿನ ವೇತನವು ಬಂದಾಗ ವಿದ್ಯಾರ್ಥಿಯು ದುಡಿದು ತರತಕ್ಕ ಭಾಗವನ್ನು ಮೊದಲು ಇಳಿಸಿ, ಮಿಕ್ಕರೆ ಮಾತ್ರ ತಮ್ಮ ಅನುದಾನಕ್ಕೆ ಕೈಹಾಕುವುವು. ಅವುಗಳಿಗೆ ಇರುವ ಐಶ್ವರ್ಯವು ಎಲ್ಲರಿಗೂ ಇಲ್ಲವೆಂಬುದು ನಿಜ. ಆದರೆ ಸಾಲಕ್ಕೆ ಮೊದಲು ಕತ್ತರಿ ಹಾಕಬೇಕೆಂಬ ಕ್ರಮವನ್ನು ಅನುಸರಿಸಲು ಅಷ್ಟು ಐಶ್ವರ್ಯವೇನೂ ಬೇಡ.

ಈ ಅನ್ಯಾಯವನ್ನು ಶಾಸನದಿಂದ ತಡೆದ ಮೊದಲ ಸಂಸ್ಥಾನ ಮೇರಿಲ್ಯಾಂಡ್. 2017ರಲ್ಲಿ ಅದು ತನ್ನ ಸರಕಾರೀ ಕಾಲೇಜುಗಳ ಕೈಯನ್ನು ಕಟ್ಟಿತು. ಕ್ಯಾಲಿಫೋರ್ನಿಯಾದಲ್ಲಿ 2022ರಲ್ಲಿ ಅಂಗೀಕೃತವಾದ ಶಾಸನವು ಪೆಲ್ ಅನುದಾನಕ್ಕೆ ಅರ್ಹರಾದ ಬಡ ವಿದ್ಯಾರ್ಥಿಗಳ ವಿಷಯದಲ್ಲಿ ಇನ್ನೂ ಮುಂದಕ್ಕೆ ಹೋಗಿ, ಅನುದಾನಗಳೆಲ್ಲ ಕೂಡಿ ಒಟ್ಟು ವೆಚ್ಚವನ್ನೇ ಮೀರಿದ ಹೊರತು ಕಾಲೇಜು ತನ್ನ ಕೊಡುಗೆಯನ್ನು ಇಳಿಸಕೂಡದೆಂದು ವಿಧಿಸಿದೆ. ಶಾಸನವಿಲ್ಲದ ಕಡೆ ದಾನಿಗಳೇ ಎಚ್ಚರಗೊಳ್ಳಬೇಕು. ಬಹುಮಾನ ಕೊಡುವ ಸಂಘಸಂಸ್ಥೆಗಳು “ಈ ಹಣದಿಂದ ಮೊದಲು ಸಾಲವನ್ನು ಕಡಿಮೆಮಾಡತಕ್ಕದ್ದು” ಎಂದು ಪತ್ರದಲ್ಲಿ ಒಂದು ಸಾಲನ್ನು ಬರೆದರೆ ಬಹಳಷ್ಟು ಕೆಲಸವಾಗುವುದು. ತಂದೆತಾಯಿಗಳೂ ಕಾಲೇಜನ್ನು ಒಪ್ಪಿಕೊಳ್ಳುವ ಮೊದಲೇ ಈ ಪ್ರಶ್ನೆಯನ್ನು ಕೇಳಿ ಉತ್ತರವನ್ನು ಬರಹದಲ್ಲಿ ಪಡೆಯುವುದು ಒಳಿತು.

ಹೊರಗಿನ ಬಹುಮಾನದ ಮಾತು ಇಷ್ಟು. ಕಾಲೇಜುಗಳು ತಾವೇ ಕೊಡುವ ಯೋಗ್ಯತಾವೇತನದ ಬಗೆ ಇನ್ನೊಂದು. ಎಂಬತ್ತು ಸಾವಿರ ಡಾಲರುಗಳಲ್ಲಿ ಒಬ್ಬ ಕಡುಬಡವನನ್ನು ಓದಿಸಬಹುದು. ಇಲ್ಲವೆ ಅದನ್ನೇ ನಾಲ್ಕು ಪಾಲುಮಾಡಿ, ‘ಯೋಗ್ಯತೆ’ಯ ಬಿರುದಿನೊಡನೆ ನಾಲ್ವರು ಅನುಕೂಲಸ್ಥರ ಮಕ್ಕಳನ್ನು ಸೆಳೆದು, ಅವರ ತಂದೆಗಳಿಂದ ಮಿಕ್ಕ ಶುಲ್ಕವನ್ನು ವಸೂಲು ಮಾಡಬಹುದು. ಎರಡನೆಯದು ಲಾಭದ ವ್ಯಾಪಾರ. ಈ ಸವಾಲು ಕೂಗುವಾಟವನ್ನು ತಡೆಯುವುದಕ್ಕೆಂದೇ ಹಾರ್ವರ್ಡ್, ಯೇಲ್ ಮುಂತಾದ ಎಂಟು ವಿದ್ಯಾಪೀಠಗಳೂ ಎಂ. ಐ. ಟಿ.ಯೂ ಸೇರಿ, ಯೋಗ್ಯತಾವೇತನವನ್ನು ಕೊಡದೆ ಅಗತ್ಯವನ್ನಷ್ಟೇ ನೋಡುವುದೆಂದು ಒಡಂಬಟ್ಟು, ಒಬ್ಬ ವಿದ್ಯಾರ್ಥಿಯು ಎರಡು ಮೂರು ಕಡೆ ಆಯ್ಕೆಯಾದರೆ ಕೊಡತಕ್ಕ ಸಹಾಯವನ್ನು ಕೂಡಿ ಗೊತ್ತುಮಾಡುತ್ತಿದ್ದುವು. ಇದು ಬೆಲೆ ಕಟ್ಟುವ ಒಳಸಂಚೆಂದು ಸರಕಾರವು 1991ರಲ್ಲಿ ದಾವೆ ಹೂಡಿತು. ಎಂಟು ವಿದ್ಯಾಪೀಠಗಳು ರಾಜಿಯಾದುವು; ಎಂ. ಐ. ಟಿ. ಮಾತ್ರ ಹೋರಾಡಿತು. 1994ರಲ್ಲಿ ಕಾಂಗ್ರೆಸ್ ಸಭೆಯು ಕೊಟ್ಟ ಮಿತವಾದ ವಿನಾಯಿತಿಯೂ 2022ರ ಸಪ್ಟೆಂಬರಿನಲ್ಲಿ ಮುಗಿದುಹೋಯಿತು. ಕೂಡಿ ಮಾತಾಡಿದರೆ ಒಳಸಂಚು, ಮಾತಾಡದಿದ್ದರೆ ಹರಾಜು ಎಂಬ ಇಕ್ಕಟ್ಟಿಗೆ ಅಲ್ಲಿಯ ನ್ಯಾಯಶಾಸ್ತ್ರವು ಇನ್ನೂ ಪರಿಹಾರವನ್ನು ಕಂಡಿಲ್ಲ.

ಸರಕಾರವೇ ಯೋಗ್ಯತೆಯ ಕಡೆಗೆ ವಾಲಿದರೆ ಏನಾಗುವುದೆಂಬುದನ್ನು ಜಾರ್ಜಿಯಾ ಸಂಸ್ಥಾನದಲ್ಲಿ ನೋಡಬೇಕು. ಗವರ್ನರ್ ಜೆಲ್ ಮಿಲ್ಲರರು 1993ರಲ್ಲಿ ಲಾಟರಿಯ ಹಣದಿಂದ ‘ಹೋಪ್’ ಎಂಬ ವೇತನವನ್ನು ಆರಂಭಿಸಿದರು. ಹೈಸ್ಕೂಲಿನಲ್ಲಿ ‘ಬಿ’ ದರ್ಜೆಯ ಸರಾಸರಿಯನ್ನು ಪಡೆದವರಿಗೆ ಸಂಸ್ಥಾನದ ಸರಕಾರೀ ಕಾಲೇಜುಗಳಲ್ಲಿ ಬೋಧನಾಶುಲ್ಕವಿಲ್ಲ. ಮೊದಲ ವರ್ಷ 66,000 ಡಾಲರುಗಳ ಆದಾಯಮಿತಿಯಿತ್ತು. ಮರುವರ್ಷ ಅದು 1,00,000ಕ್ಕೆ ಏರಿ, 1995ರಲ್ಲಿ ಇಲ್ಲವಾಯಿತು. ಲಕ್ಷಾಧೀಶನ ಮಗನೂ ಅರ್ಹನಾದನು. ಆದರೆ ಪೆಲ್ ಅನುದಾನವನ್ನು ಪಡೆಯುವ ಬಡವನಿಗೆ ಆ ಅನುದಾನದಷ್ಟು ಹಣವನ್ನು ‘ಹೋಪ್’ನಿಂದ ಕಳೆಯುವ ನಿಯಮವು ಮೊದಲ ವರ್ಷಗಳುದ್ದಕ್ಕೂ ನಡೆಯಿತು! ಪೆಲ್ ಹಣವೇ ಶುಲ್ಕಕ್ಕೆ ಸಾಕಾದ ಕಡುಬಡವನ ಪಾಲಿಗೆ ಉಳಿದದ್ದು ಪುಸ್ತಕಗಳಿಗೆಂದು 400 ಡಾಲರು. ಅನುಕೂಲಸ್ಥರಿಗೆ ಒಂದು ಪುಟದ ಅರ್ಜಿ. 50,000ಕ್ಕಿಂತ ಕಡಿಮೆ ವರಮಾನದವರಿಗೆ ನಾಲ್ಕು ಪುಟಗಳ ಅರ್ಜಿ. ಅಧಿಕಾರಿಗಳಾದ ವಾಚಕರು ಈ ಕೊನೆಯ ಸಂಗತಿಯನ್ನು ಅವಶ್ಯವಾಗಿ ಗಮನಿಸಬೇಕೆಂದು ನಮ್ಮ ಬಿನ್ನಹ. ಅರ್ಜಿಯ ಉದ್ದವೂ ಒಂದು ಬಗೆಯ ತೆರಿಗೆಯೇ. ಅದನ್ನು ತೆರುವವನು ಯಾವಾಗಲೂ ಬಡವನೇ.

ಅರ್ಥಶಾಸ್ತ್ರಜ್ಞೆ ಸೂಸನ್ ಡೈನಾರ್ಸ್ಕಿಯವರು 2000ರಲ್ಲಿ ಪ್ರಕಟಿಸಿದ ಪರಿಶೋಧನೆಯಲ್ಲಿ, ‘ಹೋಪ್’ನಿಂದ ಕಾಲೇಜು ಸೇರುವವರ ಸಂಖ್ಯೆಯು ಹೆಚ್ಚಿದರೂ ಸಿರಿವಂತರಿಗೂ ಬಡವರಿಗೂ, ಬಿಳಿಯರಿಗೂ ಕರಿಯರಿಗೂ ನಡುವಣ ಅಂತರವು ಅಗಲವಾಯಿತೆಂದು ತೋರಿಸಿದರು. ಲಾಟರಿಯ ಚೀಟಿಗಳಿಗೆ ತಮ್ಮ ವರಮಾನದ ಹೆಚ್ಚಿನ ಪಾಲನ್ನು ಸುರಿಯುವವರು ಬಡವರೇ ಎಂಬುದನ್ನು ಇದಕ್ಕೆ ಸೇರಿಸಿಕೊಂಡರೆ ಹಣವು ಯಾವ ಕಡೆಯಿಂದ ಯಾವ ಕಡೆಗೆ ಹರಿಯಿತೆಂಬುದು ವಿಶದವಾಗುವುದು. 2011ರಲ್ಲಿ ಲಾಟರಿಯ ಹಣವು ಸಾಲದಾಗ ಸಾಮಾನ್ಯ ‘ಹೋಪ್’ ವೇತನವನ್ನು ಇಳಿಸಿ, 3.7ರ ಸರಾಸರಿಯನ್ನು ಪಡೆದವರಿಗೆ ಮಾತ್ರ ಪೂರ್ಣಶುಲ್ಕವೆಂದು ಗೊತ್ತುಮಾಡಿದರು. ಇಕ್ಕಟ್ಟಿನ ಕಾಲದಲ್ಲಿ ಕೂಡ ಅವರಿಗೆ ಅಳತೆಗೋಲಾದದ್ದು ಅಂಕವೇ, ಅಗತ್ಯವಲ್ಲ.

ಅಂಕವು ಯೋಗ್ಯತೆಯ ಗುರುತಲ್ಲವೆಂದು ನಾವು ಹೇಳುವುದಿಲ್ಲ. ಜಾಣ್ಮೆಯನ್ನು ಮನ್ನಿಸದ ದೇಶವು ಉದ್ಧಾರವಾಗದು. ಆದರೆ ಎರಡನ್ನೂ ಒಟ್ಟಿಗೆ ಸಾಧಿಸಬಹುದೆಂಬುದನ್ನು ನೆರೆಯ ಟೆನೆಸ್ಸಿ ಸಂಸ್ಥಾನವು ತೋರಿಸಿದೆ. 2004ರಲ್ಲಿ ಅದೇ ‘ಹೋಪ್’ ಎಂಬ ಹೆಸರಿನ ಲಾಟರಿ ವೇತನವನ್ನು ತೊಡಗಿಸಿದಾಗ, 36,000 ಡಾಲರುಗಳಿಗೆ ಮೀರದ ವರಮಾನದ ಮನೆಯ ಮಕ್ಕಳಿಗೆ ಅದು ವೇತನವನ್ನು ಕಳೆಯಲಿಲ್ಲ, ಅದರ ಮೇಲೆ ಇನ್ನಷ್ಟು ಹಣವನ್ನು ಕೂಡಿಸಿ ಕೊಟ್ಟಿತು. ಜಾರ್ಜಿಯಾದ ಶಾಸಕರಿಗೂ ಈ ಮಾರ್ಗವು ಅಪರಿಚಿತವಾಗಿರಲಿಲ್ಲ. ಮೊದಲ ವರ್ಷ ಅವರೇ ಇಟ್ಟಿದ್ದ ಆದಾಯಮಿತಿಯು ಅದಕ್ಕೆ ಸಾಕ್ಷಿ.